ಕೊಯ್ದಷ್ಟೂ ಚಿಗುರಬೇಕು: ಹಿತ್ತಲ ಸೊಪ್ಪಿಗೆ ಕೈ ಹಾಕುವ ಮೊದಲು

ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ, ಕುಮಟಾ, ಗೋಕರ್ಣದ ಪೇಟೆಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಇಳಿಸಿ ಕೂತ ಕಡೆ ಒಂದು ಕಟ್ಟು ಹರಿವೆ ಎತ್ತಿಕೊಂಡು ಅದರ ಬುಡ ನೋಡಿ. ಬೇರು ಇದ್ದರೆ ಅದು ಕಿತ್ತ ಸೊಪ್ಪು. ಆ ಮಡಿ ಖಾಲಿಯಾಗಿದೆ, ಅಲ್ಲಿ ಮತ್ತೆ ಬೀಜ ಬೀಳುತ್ತದೆ. ದಂಟು ಕತ್ತಿಯಲ್ಲಿ ಕೊಯ್ದದ್ದಾಗಿದ್ದರೆ ಗಿಡ ಇನ್ನೂ ಹಿತ್ತಲಲ್ಲೇ ನಿಂತಿದೆ, ಹದಿನೈದು ದಿನಕ್ಕೆ ಮತ್ತೊಂದು ಕಟ್ಟು ಕೊಡುತ್ತದೆ. ಎರಡೂ ಸರಿಯಾದ ಕ್ರಮಗಳೇ. ಜಾಗ ಬೇಗ ಖಾಲಿಯಾಗಬೇಕು ಎನ್ನುವವರು ಕೀಳುತ್ತಾರೆ, ಒಂದೇ ಮಡಿಯಿಂದ ಎರಡು ತಿಂಗಳು ಸೊಪ್ಪು ಬೇಕು ಎನ್ನುವವರು ಕೊಯ್ಯುತ್ತಾರೆ. ಎಡವಟ್ಟಾಗುವುದು ಇವೆರಡರ ನಡುವೆ. ಕೊಯ್ಯುತ್ತೇವೆಂದು ಹೋಗಿ, ಸಿಕ್ಕ ಎಲೆಯನ್ನೆಲ್ಲ ಸವರಿ, ತುದಿಯಲ್ಲಿ ನಾಲ್ಕು ಮರಿ ಎಲೆ ಮಾತ್ರ ಬಿಟ್ಟು ಬಂದರೆ ಆ ಗಿಡ ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಕೋಲಿನ ಹಾಗೆ ಉದ್ದವಾಗಿ, ಎರಡು ವಾರಕ್ಕೆ ಹೂ ಬಿಟ್ಟು ಮುಗಿಯುತ್ತದೆ.

ಮುಂದಿನ ಚಿಗುರು ಎಲ್ಲಿಂದ ಹೊರಡುತ್ತದೆ ಎಂದು ನೋಡಿದ ಮೇಲೇ ಕೈ ಹಾಕಬೇಕು. ಉಳಿದದ್ದೆಲ್ಲ ಇದರ ಹಿಂದೆ ಬರುವ ಮಾತು.

ತಿಂಗಳು ತುಂಬಿದ ಒಂದು ಹರಿವೆ ಗಿಡದ ದಂಟನ್ನು ಎರಡು ಬೆರಳಲ್ಲಿ ಹಿಡಿದು ಮೇಲಿನಿಂದ ಕೆಳಗೆ ಸವರಿಕೊಂಡು ಬನ್ನಿ. ಎಲೆಯ ತೊಟ್ಟು ದಂಟಿಗೆ ಸೇರುವಲ್ಲೆಲ್ಲ ಸಣ್ಣ ಉಬ್ಬು ಬೆರಳಿಗೆ ತಾಗುತ್ತದೆ. ಅದು ಗಣ್ಣು. ತೊಟ್ಟನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿ ನೋಡಿದರೆ ಅದರ ಕಂಕುಳಲ್ಲಿ ರಾಗಿಕಾಳಿನಷ್ಟು ದೊಡ್ಡ ಚುಕ್ಕೆಯೊಂದು ಕೂತಿರುತ್ತದೆ, ಕೆಂಪು ಹರಿವೆಯಲ್ಲಿ ಕೆಂಪು, ಬಿಳಿ ಹರಿವೆಯಲ್ಲಿ ತಿಳಿಹಸಿರು. ಅದು ಮಲಗಿದ ಮೊಗ್ಗು. ಗಿಡದ ತುದಿಕುಡಿಯಲ್ಲಿ ಆಕ್ಸಿನ್ ಎಂಬ ಪ್ರಚೋದಕ ತಯಾರಾಗಿ ದಂಟಿನೊಳಗೆ ಕೆಳಕ್ಕೆ ಇಳಿಯುತ್ತಿರುತ್ತದೆ. ಅದು ಇಳಿಯುವಷ್ಟು ದಿನ ಕೆಳಗಿನ ಮೊಗ್ಗುಗಳು ಏಳುವುದಿಲ್ಲ. ಕುಡಿ ತೆಗೆದರೆ ಆ ತಡೆ ಹೋಗುತ್ತದೆ. ಮೂರು-ನಾಲ್ಕು ದಿನಕ್ಕೆ ಚುಕ್ಕೆ ಉಬ್ಬಿ, ಹತ್ತು-ಹನ್ನೆರಡು ದಿನಕ್ಕೆ ಕೊಯ್ಯುವಂಥ ಚಿಗುರಾಗುತ್ತದೆ. ಒಂದು ಕುಡಿ ತೆಗೆದ ಕಡೆ ಎರಡೋ ಮೂರೋ ಕುಡಿ ಏಳುವುದು ಹೀಗೆ.

ಕತ್ತಿ ಇಡಬೇಕಾದದ್ದು ಗಣ್ಣಿನಿಂದ ಒಂದು ಹೆಸರುಕಾಳಿನಷ್ಟು ಮೇಲೆ. ಗಣ್ಣಿಗೆ ತಾಗಿಸಿ ಕೊಯ್ದರೆ ಗಾಯ ಒಣಗುವಾಗ ಮೊಗ್ಗೂ ಒಣಗುತ್ತದೆ. ಎರಡು ಬೆರಳು ಮೇಲೆ ಕೊಯ್ದರೆ ಉಳಿದ ಮೊಂಡು ತುಂಡಿಗೆ ಎಲೆಯೂ ಇಲ್ಲ, ಕೆಲಸವೂ ಇಲ್ಲ. ಬೇಸಿಗೆಯಲ್ಲಿ ಅದು ಸುಮ್ಮನೆ ಒಣಗಿ ಉದುರಬಹುದು. ನಮ್ಮ ಮಳೆಗಾಲದಲ್ಲಿ ಮಾತ್ರ ಅದು ಕೊಳೆಯುತ್ತದೆ, ಕೊಳೆತ ಕೆಳಗಿಳಿದು ಗಣ್ಣನ್ನೂ ನುಂಗುತ್ತದೆ. ಓರೆಯಾಗಿ ಕೊಯ್ಯಿರಿ, ನೀರು ನಿಲ್ಲುವುದಿಲ್ಲ. ಎಳೆಯ ಹರಿವೆಗೆ ಉಗುರು ಸಾಕು, ದಂಟು ಪೆನ್ಸಿಲ್ ದಪ್ಪ ಆದ ಮೇಲೆ ಹರಿತವಾದ ಕತ್ತಿಯೋ ಕತ್ತರಿಯೋ ಬೇಕು. ಮೊಂಡು ಕತ್ತಿಯಲ್ಲಿ ದಂಟು ಜಜ್ಜಿಹೋಗುತ್ತದೆ, ಜಜ್ಜಿದ ಗಾಯ ಮುಚ್ಚಲು ತಡ. ಕೈಯಲ್ಲಿ ಜಗ್ಗಿದರೆ ಹೊಯ್ಗೆ (ಮರಳು) ಮಣ್ಣಿನ ಹಿತ್ತಲಲ್ಲಿ ಅರ್ಧ ಬೇರು ಸಡಿಲವಾಗುತ್ತದೆ. ಅದು ಕಣ್ಣಿಗೆ ಕಾಣದ ಪೆಟ್ಟು. ಗಿಡ ಮಧ್ಯಾಹ್ನ ಬಾಡಿದಾಗ ನೀರು ಸಾಲಲಿಲ್ಲವೆಂದುಕೊಂಡು ಇನ್ನಷ್ಟು ನೀರು ಹೊಯ್ಯುತ್ತೇವೆ.

ಹರಿವೆಯ ಲೆಕ್ಕವನ್ನು ಬಿತ್ತುವಾಗಲೇ ಹಾಕಬೇಕು. ಕೀಳುವ ಸೊಪ್ಪಿಗೆ ಬೀಜ ದಟ್ಟವಾಗಿ ಬಿದ್ದರೂ ನಡೆಯುತ್ತದೆ. ಕೊಯ್ಯುವ ಸೊಪ್ಪಿಗೆ ಗಿಡದಿಂದ ಗಿಡಕ್ಕೆ ಒಂದು ಗೇಣಿಗೆ ತುಸು ಕಡಿಮೆ, ಸಾಲಿನಿಂದ ಸಾಲಿಗೆ ಒಂದು ಅಡಿ ಜಾಗ ಬೇಕು. ಇಲ್ಲದಿದ್ದರೆ ಕೆಳಗಿನ ಗಣ್ಣುಗಳಿಗೆ ಬೆಳಕೇ ತಾಗುವುದಿಲ್ಲ, ಅಲ್ಲಿಯ ಎಲೆ ಹಳದಿಯಾಗಿ ಉದುರುತ್ತದೆ, ಮೊಗ್ಗೂ ಸೊರಗುತ್ತದೆ. ಬೀಜ ತೀರ ಸಣ್ಣದು. ಒಂದು ಚಮಚ ಬೀಜಕ್ಕೆ ಹತ್ತು ಚಮಚ ಒಣ ಹೊಯ್ಗೆ ಕಲಸಿ ಚೆಲ್ಲಿದರೆ ಹದವಾಗಿ ಬೀಳುತ್ತದೆ. ಇರುವೆ ಕಾಟ ಇದ್ದಲ್ಲಿ ಜೊತೆಗೆ ಒಂದು ಹಿಡಿ ರವೆ ಎರಚಿ, ಇರುವೆ ಮೊದಲು ರವೆ ಹೊರುತ್ತದೆ, ಅಷ್ಟರಲ್ಲಿ ಬೀಜ ಮೊಳೆಯುತ್ತದೆ. ಮೊಳೆತ ಹದಿನೈದು ದಿನಕ್ಕೆ ದಟ್ಟ ಇದ್ದಲ್ಲಿ ಎಳೆ ಸಸಿ ಕಿತ್ತು ತೆಳುಮಾಡಿ. ಕಿತ್ತದ್ದು ಆ ದಿನದ ಪಲ್ಯಕ್ಕಾಯಿತು.

ತಳಿಯೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರ್ಕಾ ಸುಗುಣ, ಅರ್ಕಾ ಅರುಣಿಮಾ ಮತ್ತೆ ಮತ್ತೆ ಕೊಯ್ಯಲಿಕ್ಕಾಗಿ ಇರುವಂಥವು. ಅರ್ಕಾ ಸಂರಕ್ಷಾ ಕಿತ್ತು ಮಾರುವ ತಳಿ. ಕೀಳುವ ತಳಿಯನ್ನು ತಂದು ಬಿತ್ತಿ ನಾಲ್ಕು ಸಲ ಕೊಯ್ಯುತ್ತೇವೆಂದರೆ ಅದು ಗಿಡದ ತಪ್ಪಲ್ಲ. ಬೀಜದ ಪೊಟ್ಟಣ ಕೊಳ್ಳುವಾಗಲೇ ಕೇಳಿಕೊಳ್ಳಿ.

ಮೊದಲ ಕೊಯ್ಲು 25ರಿಂದ 30 ದಿನಕ್ಕೆ, ಗಿಡ ಒಂದು ಅಡಿ ಮುಟ್ಟುವ ಹೊತ್ತಿಗೆ. ನೆಲದಿಂದ ನಾಲ್ಕರಿಂದ ಆರು ಅಂಗುಲ ಬಿಟ್ಟು, ಕೆಳಗೆ ಕಡಿಮೆಯೆಂದರೂ ನಾಲ್ಕು ಎಲೆ ಉಳಿಯುವ ಹಾಗೆ ಕುಡಿ ಕೊಯ್ಯಬೇಕು. ಇದರಲ್ಲಿ ಮನಸ್ಸು ಹಿಂಜರಿಯುತ್ತದೆ. ಗಿಡ ಇನ್ನೂ ದೊಡ್ಡದಾಗಲಿ, ಆಮೇಲೆ ಕೊಯ್ಯೋಣ ಎಂದು ಕಾಯುತ್ತೇವೆ. ಕಾದರೆ ದಂಟು ನಾರಾಗುತ್ತದೆ, ಕೆಳಗಣ ಎಲೆ ಉದುರುತ್ತದೆ, ನಾರಾದ ದಂಟಿನ ಮೊಗ್ಗು ಸೋಮಾರಿ. ದಂಟಿನ ಹುಳಿಗೆಂದೇ ಬೆಳೆಸುವುದಾದರೆ ಮಾತು ಬೇರೆ, ಅದಕ್ಕೆ ನಾಲ್ಕು ಗಿಡವನ್ನು ಬದಿಗೆ ಹಾಗೇ ಬಿಟ್ಟುಕೊಳ್ಳಿ.

ಎರಡನೇ ಕೊಯ್ಲಿನಿಂದ ಹೊಸ ಚಿಗುರುಗಳಲ್ಲಿ ಒಂದೊಂದಕ್ಕೂ ಎರಡೆರಡು ಗಣ್ಣು ಬಿಟ್ಟು ಕೊಯ್ಯಿರಿ, ಹತ್ತರಿಂದ ಹದಿನೈದು ದಿನಕ್ಕೊಮ್ಮೆ. ಒಂದಿದ್ದ ಕುಡಿ ಮೂರಾಗಿ, ಮೂರಿದ್ದದ್ದು ಆರಾಗಿ, ನಾಲ್ಕನೇ ಸಲಕ್ಕೆ ಗಿಡ ತುಂಬ ಕುಡಿಯೇ. ಬೇರು ಮಾತ್ರ ಒಂದೇ. ಅಲ್ಲಿಂದಾಚೆ ಚಿಗುರು ಸಣಕಲಾಗುತ್ತದೆ, ಎಲೆ ಚಿಕ್ಕದಾಗುತ್ತದೆ. ಆಗ ಒಳಗಿನ ಸಣ್ಣ ಕುಡಿಗಳನ್ನು ಬುಡಕ್ಕೇ ಕೊಯ್ದು ನಾಲ್ಕು ದಪ್ಪ ಕುಡಿ ಇಟ್ಟುಕೊಂಡರೆ ಇನ್ನೂ ಒಂದು ಕೊಯ್ಲು ಚೆನ್ನಾಗಿ ಸಿಗುತ್ತದೆ. ಆರನೆಯದಕ್ಕೆ ಆಸೆ ಬೇಡ. ಮೂರು ಅಡಿ ಅಗಲ, ಆರು ಅಡಿ ಉದ್ದದ ಮಡಿಯಿಂದ ಒಂದು ಸಲಕ್ಕೆ ಮುಕ್ಕಾಲು ಕಿಲೋದ ಆಸುಪಾಸು ಸೊಪ್ಪು ಬರುತ್ತದೆ. ಇಂಥ ಮೂರು ಮಡಿ ಮಾಡಿ ಹದಿನೈದು ದಿನಕ್ಕೊಂದರಂತೆ ಬಿತ್ತಿಕೊಂಡು ಹೋದರೆ ಒಂದು ಮುದಿಯಾಗುವಾಗ ಇನ್ನೊಂದು ಎಳೆಯದಿರುತ್ತದೆ.

ಒಂದು ಸಲಕ್ಕೆ ಎಷ್ಟು ತೆಗೆಯಬೇಕು ಎನ್ನುವುದರಲ್ಲಿ ಮೂರರಲ್ಲಿ ಒಂದು ಪಾಲು ಎನ್ನುವ ಅಳತೆ ಹೆಚ್ಚಿನ ಸೊಪ್ಪಿಗೆ ಒಪ್ಪುತ್ತದೆ. ಚಿಗುರು ಹೊರಡಲು ಬೇಕಾದ ಸಕ್ಕರೆ ಉಳಿದ ಎಲೆಗಳಿಂದ ಬರಬೇಕು, ಇಲ್ಲವೇ ಬೇರಿನಲ್ಲಿ ಕೂಡಿಟ್ಟದ್ದರಿಂದ. ಕೆಸುವಿಗೆ ಗೆಡ್ಡೆಯಲ್ಲಿ ಕೂಡಿಟ್ಟ ಗಂಟು ಇದೆ. ನುಗ್ಗೆಗೆ, ಚಕ್ರಮುನಿಗೆ ಕಟ್ಟಿಗೆಯಲ್ಲಿ ಇದೆ. ಹರಿವೆಗೆ, ಪಾಲಕ್‌ಗೆ ಅಂಥ ಉಳಿತಾಯ ಕಡಿಮೆ. ಅದಕ್ಕೇ ನುಗ್ಗೆಯನ್ನು ಬೋಳು ಮಾಡಿದರೂ ಚಿಗುರುತ್ತದೆ, ಹರಿವೆಯನ್ನು ಬೋಳು ಮಾಡಿದರೆ ಚಿಗುರುವುದಿಲ್ಲ. ಹರಿವೆಯ ಮೊದಲ ಕೊಯ್ಲಿನಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚೇ ಹೋಗುತ್ತದೆ, ಅದನ್ನು ಗಿಡ ತಡೆದುಕೊಳ್ಳುವುದು ಕೆಳಗಿನ ನಾಲ್ಕು ಎಲೆ ಬಲಿತಿದ್ದರಷ್ಟೇ.

ಬಸಳೆಯ ವಿಷಯಕ್ಕೆ ಬರೋಣ. ಕಾರವಾರದ ಕಡೆ ಬಸಳೆಗೆ ಶೆಟ್ಲಿ (ಸಿಗಡಿ) ಹಾಕಿ ಮಾಡುವವರಿಗೂ ಶಿರಸಿ ಕಡೆ ಹುಳಿ ಮಾಡುವವರಿಗೂ ಬೇಕಾದದ್ದು ರಸ ತುಂಬಿದ ಎಳೆ ದಂಟು, ಬರೀ ಎಲೆಯಲ್ಲ. ಚಪ್ಪರದಡಿ ನಿಂತು ಎಲೆ ಮಾತ್ರ ಬಿಡಿಸಿಕೊಂಡು ಬಂದರೆ ಮೂರು ತಿಂಗಳಲ್ಲಿ ಚಪ್ಪರದ ಮೇಲೆ ಹಗ್ಗದ ಹಾಗೆ ಬರೀ ಬಳ್ಳಿ ಸುತ್ತಿಕೊಂಡಿರುತ್ತದೆ. ಬಳ್ಳಿಯಲ್ಲಿ ಕುಡಿ ಹಾಗೇ ಇದ್ದರೆ ಪಕ್ಕದ ಮೊಗ್ಗು ಏಳುವುದು ಕಡಿಮೆ, ಎಲೆ ಹೋದ ಗಣ್ಣಿಗೆ ಊಟವೂ ಇಲ್ಲ. ಆದ್ದರಿಂದ ಬಸಳೆಯನ್ನು ದಂಟು ಸಮೇತವೇ ಕೊಯ್ಯಬೇಕು.

ನೆಡುವಾಗ ಬೆರಳು ದಪ್ಪದ, ನಾಲ್ಕು ಗಣ್ಣಿನ ತುಂಡು ತೆಗೆದುಕೊಂಡು ಎರಡು ಗಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಬಳ್ಳಿ ಮೊಣಕಾಲೆತ್ತರ ಬಂದಾಗ ಒಮ್ಮೆ ತುದಿ ಚಿವುಟಿದರೆ ಬುಡದಿಂದಲೇ ಮೂರು-ನಾಲ್ಕು ಬಳ್ಳಿ ಏಳುತ್ತದೆ, ಅವನ್ನು ಚಪ್ಪರಕ್ಕೆ ಹಬ್ಬಿಸಿ. ಚಪ್ಪರ ತಲುಪುವವರೆಗೆ ಇವುಗಳ ತಲೆ ಮುಟ್ಟಬೇಡಿ. ತಲುಪಿದ ಮೇಲೆ ಪಕ್ಕದಿಂದ ಹೊರಟ ರೆಂಬೆಗಳೇ ನಿಮ್ಮ ಸೊಪ್ಪು. ಒಂದು ರೆಂಬೆ ಮೊಳದಷ್ಟು ಉದ್ದ ಆದಾಗ ಮುಖ್ಯ ಬಳ್ಳಿಯ ಕಡೆ ಎರಡು ಗಣ್ಣು ಬಿಟ್ಟು ಕೊಯ್ಯಿರಿ. ಆ ಎರಡು ಗಣ್ಣಿನಿಂದ ಎರಡು ರೆಂಬೆ. ಉಗುರಿನಿಂದ ಒತ್ತಿದರೆ ದಂಟು ಟಕ್ಕನೆ ಮುರಿಯಬೇಕು. ಉಗುರು ಇಳಿಯದೆ ನಾರು ಸಿಕ್ಕರೆ ಅಲ್ಲಿಂದ ಮೇಲಕ್ಕೆ ಹೋಗಿ ಮುರಿಯಿರಿ.

ಮಳೆ ಕಳೆದು ಹಗಲು ಚಿಕ್ಕದಾಗುತ್ತಿದ್ದಂತೆ ಬಸಳೆ ಹೂ ಬಿಟ್ಟು ಹಣ್ಣು ಕಟ್ಟತೊಡಗುತ್ತದೆ. ಕಂಕುಳಲ್ಲಿ ಬಿಳಿ-ಗುಲಾಬಿ ಮುತ್ತಿನಂಥ ಕಡ್ಡಿ ಕಂಡ ಕೂಡಲೇ ಅದನ್ನು ಚಿವುಟಿ ತೆಗೆಯಿರಿ. ಬಿಟ್ಟರೆ ಎಲೆ ಚಿಕ್ಕದಾಗುತ್ತ ಹೋಗುತ್ತದೆ. ಎಲೆಯ ಮೇಲೆ ನೇರಳೆ ಅಂಚಿನ, ನಡುವೆ ಬಿಳಿಚಿದ ದುಂಡು ಚುಕ್ಕೆ ಬಂದರೆ ಅದು ಶಿಲೀಂಧ್ರ. ಮೇಲಿನಿಂದ ನೀರು ಹೊಯ್ಯುವುದು ನಿಲ್ಲಿಸಿ, ಚುಕ್ಕೆ ಬಿದ್ದ ಎಲೆ ಒಟ್ಟುಮಾಡಿ ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಎರಡು ವರ್ಷದ ಬಳ್ಳಿ ಹೇಗೂ ಮುದಿಯಾಗುತ್ತದೆ. ಬುಡದಿಂದ ಒಂದೂವರೆ ಅಡಿ ಬಿಟ್ಟು ಪೂರ್ತಿ ಕಡಿದು, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಕೊಟ್ಟು, ಮೇಲೆ ದರಕು (ಒಣ ಎಲೆ) ಮುಚ್ಚಿದರೆ ಹೊಸ ಬಳ್ಳಿ ಬರುತ್ತದೆ. ಹಳೆಯ ಬಳ್ಳಿಯಲ್ಲಿ ಗಟ್ಟಿಯಾದ ತುಂಡು ಆರಿಸಿ ಬೇರೆ ಕಡೆ ಊರಿ ಇಟ್ಟಿರಿ.

ಗಣ್ಣಿನ ಲೆಕ್ಕ ನಡೆಯದ ಸೊಪ್ಪುಗಳಿವೆ. ಪಾಲಕ್, ಕೆಸು, ಒಂದೆಲಗ ಇವುಗಳಿಗೆ ಎದ್ದು ನಿಲ್ಲುವ ದಂಟಿಲ್ಲ. ಹೊಸ ಎಲೆ ನೆಲಮಟ್ಟದ ನಡುವಿನಿಂದ ಏಳುತ್ತದೆ. ಇಲ್ಲಿ ಕುಡಿ ಕೊಯ್ದರೆ ಕತೆ ಮುಗಿಯಿತು. ಹೊರಸುತ್ತಿನ ಬಲಿತ ಎಲೆಗಳನ್ನು ಒಂದೊಂದಾಗಿ ತೆಗೆಯಬೇಕು, ನಡುವಿನ ಮೂರು-ನಾಲ್ಕು ಎಲೆಗೆ ಕೈ ಹಚ್ಚಬಾರದು.

ಪಾಲಕ್ ನಮ್ಮ ಹುಳಿ ಮಣ್ಣಿಗೆ ಅಷ್ಟಾಗಿ ಒಗ್ಗುವುದಿಲ್ಲ. ಬಿತ್ತುವ ಎರಡು ವಾರ ಮೊದಲು ಮಡಿಗೆ ಎರಡು ಹಿಡಿ ಒಲೆಬೂದಿ ಬೆರೆಸಿದರೆ ವ್ಯತ್ಯಾಸ ಕಾಣುತ್ತದೆ. ಉಪ್ಪನ್ನು ಮಾತ್ರ ಅದು ಕೊತ್ತಂಬರಿ, ಮೆಂತ್ಯಕ್ಕಿಂತ ಚೆನ್ನಾಗಿ ತಡೆಯುತ್ತದೆ, ಬೀಟ್‌ರೂಟಿನ ಜಾತಿ ಅದು. ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಬದಿಯ ಹಿತ್ತಲಲ್ಲಿ ಏಪ್ರಿಲ್-ಮೇ ಹೊತ್ತಿಗೆ ಬಾವಿನೀರು ಚಪ್ಪೆ ಉಳಿಯುವುದಿಲ್ಲ, ಉಪ್ಪಾಗುತ್ತದೆ, ಅಂಥ ಕಡೆ ಮೆಂತ್ಯದ ಅಂಚು ಸುಟ್ಟು ಹೋಗುವಾಗಲೂ ಪಾಲಕ್ ನಿಂತಿರುತ್ತದೆ.

ಕೆಸುವಿನ ಎಲೆ ಪತ್ರೊಡೆಗೆ, ಕರಕಲಿಗೆ ಬೇಕು. ಒಂದು ಗಿಡದಿಂದ ಒಂದು ಸಲಕ್ಕೆ ಎರಡೇ ಎಲೆ, ಸುರುಳಿ ಬಿಚ್ಚದ ಎಲೆಯನ್ನೂ ಅದರ ಪಕ್ಕದ ಒಂದನ್ನೂ ಬಿಡಲೇಬೇಕು. ತೊಟ್ಟನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಕೊಯ್ಯಿರಿ. ಬುಡಕ್ಕೇ ಕೊಯ್ದರೆ ತೊಟ್ಟಿನ ಸ್ಪಂಜಿನಂಥ ಒಳಭಾಗದಿಂದ ಮಳೆನೀರು ಇಳಿದು ಗೆಡ್ಡೆಯ ತಲೆ ಕೊಳೆಯುತ್ತದೆ. ಮರಕೆಸುವಿನ ಮೇಲೆ ಇನ್ನೂ ಕನಿಕರ ಬೇಕು. ಮಳೆ ಹಿಡಿದ ಮೇಲೆ ಹಲಸಿನ, ಮಾವಿನ ಕೊಂಬೆಯ ಪಾಚಿಯಲ್ಲಿ ಏಳುವ ಆ ಗಿಡಕ್ಕೆ ಇರುವುದೇ ಒಂದೆರಡು ಎಲೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಗಳಿಸಿದ್ದರಲ್ಲೇ ಅದರ ಗೆಡ್ಡೆ ಬೇಸಿಗೆ ಕಳೆಯಬೇಕು. ಇರುವ ಎಲೆಯನ್ನೆಲ್ಲ ವರ್ಷ ವರ್ಷವೂ ಕೊಯ್ದ ಮರದಲ್ಲಿ ಅದು ಕ್ರಮೇಣ ಕಾಣದಾಗುತ್ತದೆ. ಎರಡು ಎಲೆ ಇದ್ದದ್ದರಲ್ಲಿ ಒಂದು ತೆಗೆಯಿರಿ, ಒಂದೇ ಇದ್ದರೆ ಮುಂದಿನ ಮರ ನೋಡಿ.

ಒಂದೆಲಗವನ್ನು ತಂಬುಳಿಗೆಂದು ಬೇರು ಸಮೇತ ಕೀಳುವ ರೂಢಿಯನ್ನು ಬಿಡುವುದು ಒಳ್ಳೆಯದು. ಅದು ನೆಲದ ಮೇಲೆ ಹರಿಯುವ ಬಳ್ಳಿ, ಗಣ್ಣು ಗಣ್ಣಿಗೂ ಬೇರು ಬಿಡುತ್ತದೆ. ಒಂದು ಎಳೆ ಜಗ್ಗಿದರೆ ನಾಲ್ಕು ಗಣ್ಣಿನ ಬೇರು ಎದ್ದು ಬರುತ್ತದೆ. ಕತ್ತರಿ ಹಿಡಿದು ತೊಟ್ಟು ಮಾತ್ರ ಕತ್ತರಿಸಿ. ಅಡಿಕೆ ತೋಟದ ಬಸಿಗಾಲುವೆ ಅಂಚಿನಲ್ಲಿ ನೆರಳು-ನೀರು ಎರಡೂ ಸಿಗುವುದರಿಂದ ಎಲೆ ದೊಡ್ಡದಾಗುತ್ತದೆ. ಆದರೆ ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಔಷಧ) ಹೊಡೆದ ದಿನಗಳಲ್ಲಿ ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ್ದು ಅದರ ಮೇಲೇ ಬಿದ್ದಿರುತ್ತದೆ. ಆಗ ಇದ್ದ ಎಲೆ ಕೊಯ್ದು ಬಿಸಾಡಿ, ಹೊಸದಾಗಿ ಬಂದದ್ದನ್ನು ಅಡುಗೆಗೆ ತನ್ನಿ. ಮನೆ ಹತ್ತಿರ ಒಂದು ಅಗಲ ಕುಂಡದಲ್ಲಿ ನೆಟ್ಟುಕೊಂಡರೆ ಈ ಚಿಂತೆಯೇ ಇಲ್ಲ.

ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇವು ಬೀಜ ಕಟ್ಟಲೆಂದೇ ಅವಸರದಲ್ಲಿರುವ ಗಿಡಗಳು. ಎರಡು ಬೆರಳು ಬಿಟ್ಟು ಕೊಯ್ದರೆ ಮೆಂತ್ಯ ಇನ್ನೊಮ್ಮೆ ಬರುತ್ತದೆ, ಅರ್ಧದಷ್ಟು. ಕೊತ್ತಂಬರಿಯ ಹೊರ ಎಲೆಗಳನ್ನು ಮೂರು ವಾರ ತೆಗೆಯಬಹುದು. ನಡುವಿನಿಂದ ಸೀಳು ಸೀಳಾದ ಸಣ್ಣ ಎಲೆಯ ಕಡ್ಡಿ ಎದ್ದಿತೆಂದರೆ ಅದನ್ನು ಚಿವುಟಿ ತಡೆಯುವ ಪ್ರಯತ್ನ ವ್ಯರ್ಥ. ಬೇರು ಸಮೇತ ಕಿತ್ತು ಹೊಸದು ಬಿತ್ತಿ.

ಮರವಾಗುವ ಸೊಪ್ಪುಗಳಲ್ಲಿ ಎತ್ತರವೇ ತೊಂದರೆ. ಚಕ್ರಮುನಿ ಬೇಲಿಯನ್ನು ಸೊಂಟದ ಎತ್ತರಕ್ಕೆ ನಿಲ್ಲಿಸಿ, ಒಂದು ಗೇಣಿನ ತುದಿ ಕೊಯ್ಯುತ್ತಿದ್ದರೆ ವರ್ಷಗಟ್ಟಲೆ ಕೊಡುತ್ತದೆ. ಈ ಸೊಪ್ಪನ್ನು ಬೇಯಿಸಿಯೇ ತಿನ್ನಿ. 1990ರ ದಶಕದ ನಡುವೆ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದವರ ಶ್ವಾಸಕೋಶ ಮತ್ತೆ ಸರಿಯಾಗದಷ್ಟು ಕೆಟ್ಟಿತ್ತು. ವಾರಕ್ಕೊಮ್ಮೆ ಪಲ್ಯ ಮಾಡಿ ತಿನ್ನುವುದಕ್ಕೆ ಈ ಹೆದರಿಕೆ ಬೇಡ, ಹಸಿ ರಸ ಮಾತ್ರ ಬೇಡವೇ ಬೇಡ. ನುಗ್ಗೆಯನ್ನು ಸೊಪ್ಪಿಗೆಂದೇ ನೆಟ್ಟಿದ್ದರೆ ಎದೆಮಟ್ಟಕ್ಕೆ ಕಡಿದಿಡಿ. ಕಡಿಯುವುದು ಮಳೆ ನಿಂತ ಮೇಲೆ, ಜೂನ್-ಜುಲೈಯಲ್ಲಿ ಕಡಿದ ಗಾಯದೊಳಗೆ ನೀರಿಳಿದು ಕಾಂಡ ಮೆತ್ತಗಾಗುತ್ತದೆ. ಕರಿಬೇವಿನ ಎಸಳನ್ನು ಕೆಳಕ್ಕೆ ಜಗ್ಗಿದರೆ ಕೊಂಬೆಯ ಸಿಪ್ಪೆ ಸುಲಿದು ಬರುತ್ತದೆ, ಆ ಗಣ್ಣಿನ ಮೊಗ್ಗು ಆ ಸಿಪ್ಪೆಯ ಜೊತೆಗೇ ಹೋಯಿತು. ಅಲ್ಲೊಂದು ಇಲ್ಲೊಂದು ಎಸಳು ಕೀಳುವ ಬದಲು ಒಂದು ತುದಿಯನ್ನೇ ಗೇಣುದ್ದ ಕತ್ತರಿಸಿ ತನ್ನಿ, ಗಿಡ ಅಲ್ಲೇ ಕವಲೊಡೆಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಕೊಯ್ಲನ್ನು ಕೆಡಿಸುವುದರಲ್ಲಿ ಮಳೆಯದ್ದೇ ದೊಡ್ಡ ಪಾಲು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒದ್ದೆ ಗಿಡವನ್ನು ಕೊಯ್ಯಬೇಡಿ, ಒಂದು ಗಿಡದ ರೋಗ ಕತ್ತಿಯ ನೀರಿನಲ್ಲೇ ಮುಂದಿನ ಗಿಡಕ್ಕೆ ಹೋಗುತ್ತದೆ. ಮಳೆ ಬಿಟ್ಟು ಹೊಳವಾದ ದಿನ, ಎಲೆ ಆರಿದ ಮೇಲೆ ಕೊಯ್ಯಿರಿ. ಮಣ್ಣಿನ ಹನಿ ಸಿಡಿದು ಹರಿವೆ ಎಲೆಗೆ ಬಿಳಿಚಿದ ಚುಕ್ಕೆ ಬಿದ್ದು ತೂತಾಗುವುದು ಕೆಂಪು ಹರಿವೆಯಲ್ಲಿ ಹೆಚ್ಚು. ಮಡಿಗೆ ದರಕು ಹಾಸಿ, ಒಂದು ಸಾಲು ಕೆಂಪು ಒಂದು ಸಾಲು ಹಸಿರು ಹಾಕಿದರೆ ಹರಡುವುದು ಕಡಿಮೆಯಾಗುತ್ತದೆ. ಎಲೆಯ ಅಡಿ ಬಿಳಿ ಗುಳ್ಳೆ ಎದ್ದು ಮೇಲೆ ಹಳದಿ ಕಂಡರೆ ಅದು ಬಿಳಿ ತುಕ್ಕು, ಆ ಕುಡಿಯನ್ನು ಕೂಡಲೇ ತೆಗೆದು ಮಡಿಯಿಂದ ದೂರ ಹಾಕಿ. ಎಲೆ ಸುತ್ತಿಕೊಂಡು ಒಳಗೆ ಬಲೆ ಕಟ್ಟಿದ ಹಸಿರು ಹುಳಕ್ಕೂ ಕೊಯ್ಲೇ ಮದ್ದು. ಸುತ್ತಿದ ಕುಡಿಗಳನ್ನು ಮೊದಲು ಕೊಯ್ದು ಕೋಳಿಗೆ ಹಾಕಿ, ಆಮೇಲೆ ಅಡುಗೆಯ ಸೊಪ್ಪು ಕೊಯ್ಯಿರಿ. ಬಟಾಬಯಲಿನ ಹರಿವೆಗೆ ಚೌತಿ ಕಳೆದ ಮೇಲೆ ಬಿತ್ತುವುದೇ ಸರಿ.

ಕೊಯ್ದ ಗಿಡಕ್ಕೆ ಊಟ ಬೇಕು. ಸೊಪ್ಪೆಂದರೆ ಸಾರಜನಕ, ಕೊಯ್ದಷ್ಟೂ ಮಣ್ಣಿನಿಂದ ಅದು ಹೊರಗೆ ಹೋಗುತ್ತದೆ. ಹೊಯ್ಗೆ ಮಣ್ಣಿನಲ್ಲಿ ಒಂದೇ ಸಲ ಕೊಟ್ಟ ಗೊಬ್ಬರ ನೀರಿನ ಜೊತೆ ಇಳಿದುಹೋಗುವುದರಿಂದ ಸ್ವಲ್ಪ ಸ್ವಲ್ಪವಾಗಿ ಕೊಡುವುದೇ ಕ್ರಮ. ಕೊಯ್ದ ಎರಡನೇ ದಿನ, ಗಾಯ ಒಣಗಿದ ಮೇಲೆ, ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು ಕಲಸಿ ಬುಡಕ್ಕೆ ಹೊಯ್ಯಿರಿ, ಮೇಲೆ ಹೇಳಿದ ಅಳತೆಯ ಮಡಿಗೆ ಒಂದು ಕೊಡ ಸಾಕು. ನೀರು ಬೆರೆಸದೆ ಹಾಕಿದರೆ ಬೇರು ಸುಡುತ್ತದೆ. ಎಲೆಯ ಮೇಲೆ ಬೀಳದಂತೆ ಹೊಯ್ಯುವುದು ಮುಖ್ಯ, ಬಿದ್ದರೆ ಮುಂದಿನ ಕೊಯ್ಲಿಗೆ ಒಂದು ವಾರವಾದರೂ ಬಿಡಬೇಕು. ಸಗಣಿ ನೀರಿಗೂ ಇದೇ ಮಾತು.

ಇನ್ನು ಹೂವು. ಹರಿವೆಗೆ ಹಗಲು ಚಿಕ್ಕದಾದಷ್ಟೂ ಹೂ ಬಿಡುವ ಆತುರ. ನವೆಂಬರ್-ಡಿಸೆಂಬರಿನಲ್ಲಿ ಬಿತ್ತಿದ್ದು ಗೇಣುದ್ದವಿರುವಾಗಲೇ ತೆನೆ ತೋರಿಸುತ್ತದೆ. ನೀರು ಒಂದೆರಡು ದಿನ ತಪ್ಪಿದರೂ ಹಾಗೆಯೇ. ತೆನೆ ಕಂಡ ಕೂಡಲೇ ಒಂದು ಗಣ್ಣು ಕೆಳಗಿಂದ ಕೊಯ್ದರೆ ಒಂದೆರಡು ವಾರ ಮುಂದೆ ಹಾಕಬಹುದು, ನಿಲ್ಲಿಸಲಾಗುವುದಿಲ್ಲ.

ಬೀಜಕ್ಕೆ ಬಿಡುವಾಗ ಹೆಚ್ಚಿನವರು ಮೊದಲು ತೆನೆ ಬಿಟ್ಟ ಗಿಡವನ್ನೇ ಬಿಡುತ್ತಾರೆ, ಹೇಗೂ ಹೂ ಬಂತಲ್ಲ ಎಂದು. ನಾಲ್ಕಾರು ವರ್ಷ ಹಾಗೆ ಮಾಡಿದ ಮನೆಯ ಬೀಜ ಬೇಗ ಹೂ ಬಿಡುವ ಜಾತಿಯೇ ಆಗಿಬಿಡುತ್ತದೆ. ಆಮೇಲೆ ಎಷ್ಟು ಎಚ್ಚರದಿಂದ ಕೊಯ್ದರೂ ಎರಡೇ ಕೊಯ್ಲು. ಬಿಡಬೇಕಾದದ್ದು ಕೊನೆಗೆ ತೆನೆ ಬಿಟ್ಟ, ಅಗಲ ಎಲೆಯ, ಚೆನ್ನಾಗಿ ಕವಲೊಡೆದ ನಾಲ್ಕೈದು ಗಿಡ. ಮಡಿಯ ಮೂಲೆಯಲ್ಲಿ ಅವಕ್ಕೆ ಬಣ್ಣದ ದಾರ ಕಟ್ಟಿಡಿ, ಅಡುಗೆಮನೆಯಿಂದ ಬಂದವರು ಕೊಯ್ದುಬಿಡದಂತೆ. ಕೆಂಪು, ಹಸಿರು ಎರಡನ್ನೂ ಹತ್ತಿರ ಬಿಟ್ಟರೆ ಬಣ್ಣ ಬೆರೆಯುತ್ತದೆ, ಒಂದು ವರ್ಷ ಒಂದನ್ನೇ ಬೀಜಕ್ಕೆ ಬಿಡಿ. ತೆನೆಯನ್ನು ಅಂಗೈಗೆ ಬಡಿದಾಗ ಕರಿ ಬೀಜ ಉದುರಿದರೆ ಕೊಯ್ಯುವ ಹೊತ್ತಾಯಿತು. ನೆರಳಲ್ಲಿ ನಾಲ್ಕು ದಿನ ಒಣಗಿಸಿ, ತಿಕ್ಕಿ, ಮೊರದಲ್ಲಿ ಕೇರಿ, ಒಂದು ಚಿಟಿಕೆ ಬೂದಿ ಹಾಕಿ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಬಾಟಲಿಯ ಮೇಲೆ ತಿಂಗಳನ್ನೂ ಎಷ್ಟನೇ ಕೊಯ್ಲಿನ ಗಿಡ ಎನ್ನುವುದನ್ನೂ ಬರೆದಿಡಿ.